ವಿಮಾನ ಬಂದಿಳಿದ ಮಾತ್ರಕ್ಕೆ ಸ್ಕ್ವಾಡ್ರನ್ ಸಿದ್ಧವಾಗುವುದಿಲ್ಲ

ಪ್ರಶ್ನೆ: ರಫೇಲ್ ಯುದ್ಧವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2016ರಲ್ಲಿ, ಮೊದಲ ವಿಮಾನಗಳು ಹರಿಯಾಣದ ಅಂಬಾಲಾ ವಾಯುನೆಲೆಗೆ ಬಂದದ್ದು 2020ರಲ್ಲಿ. ಬೇರೆ ದೇಶ ಆಗಲೇ ಹಾರಿಸುತ್ತಿದ್ದ ವಿಮಾನವನ್ನು ಕೊಳ್ಳಲು ಇಷ್ಟು ಕಾಲ ಏಕೆ? ಸುಖೋಯ್, ಮಿರಾಜ್ ಹಾರಿಸಿ ಪಳಗಿದ ಪೈಲಟ್‌ಗಳು ನಮ್ಮಲ್ಲಿದ್ದಾರೆ. ಅವರಿಗೆ ಹೊಸ ವಿಮಾನ ಕಲಿಯಲು ಒಂದೆರಡು ವಾರ ಸಾಲದೇ? ಈಗ ಇನ್ನೂ 114 ವಿಮಾನಗಳ ಮಾತು ಕೇಳಿಬರುತ್ತಿದೆ. ಮತ್ತೆ ಇದೇ ಕಥೆಯೇ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನೀವು ಸಹಿಯ ನಂತರದ ನಾಲ್ಕು ವರ್ಷಗಳ ಬಗ್ಗೆ ಕೇಳಿದ್ದೀರಿ. ನನ್ನ ತಕರಾರು ಇರುವುದು ಸಹಿಗೆ ಮುಂಚಿನ ಒಂಬತ್ತು ವರ್ಷಗಳ ಬಗ್ಗೆ. 2016ರ ಸೆಪ್ಟೆಂಬರ್ 23ರಂದು ಸಹಿ, 2019ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಮೆರಿನ್ಯಾಕ್‌ನಲ್ಲಿ ಮೊದಲ ವಿಮಾನದ ಹಸ್ತಾಂತರ, 2020ರ ಜುಲೈ 29ರಂದು ಐದು ವಿಮಾನಗಳು ಅಂಬಾಲಾದಲ್ಲಿ, 2022ರ ಡಿಸೆಂಬರ್‌ನಲ್ಲಿ ಮೂವತ್ತಾರನೆಯದು. ಈ ವ್ಯವಹಾರದಲ್ಲಿ ಇದು ನಿಧಾನವಲ್ಲ. ನಮ್ಮ ಅಗತ್ಯಕ್ಕೆಂದೇ ಬದಲಾಯಿಸಿದ ಭಾಗಗಳಿರುವ ವಿಮಾನಕ್ಕಂತೂ ಖಂಡಿತ ಅಲ್ಲ.

ನಿಧಾನವಾದದ್ದು ಆಯ್ಕೆ. 126 ಯುದ್ಧವಿಮಾನಗಳಿಗೆ ಟೆಂಡರ್ ಹೊರಟದ್ದು 2007ರ ಆಗಸ್ಟ್‌ನಲ್ಲಿ. ಕಣದಲ್ಲಿ ಆರು ಸ್ಪರ್ಧಿಗಳಿದ್ದವು: ಫ್ರಾನ್ಸ್‌ನ ರಫೇಲ್, ನಾಲ್ಕು ದೇಶಗಳು ಸೇರಿ ಕಟ್ಟಿದ ಯೂರೋಫೈಟರ್, ಅಮೆರಿಕದ ಎಫ್-16 ಮತ್ತು ಎಫ್-18, ರಷ್ಯಾದ ಮಿಗ್-35, ಸ್ವೀಡನ್‌ನ ಗ್ರಿಪನ್. 2009–10ರಲ್ಲಿ ಇವುಗಳ ಪರೀಕ್ಷೆ ಬೆಂಗಳೂರು, ಜೈಸಲ್ಮೇರ್ ಮತ್ತು ಲೇಹ್‌ನಲ್ಲಿ ನಡೆಯಿತು. ಸ್ಥಳಗಳ ಆಯ್ಕೆ ಅರ್ಥಪೂರ್ಣವಾಗಿತ್ತು. ಬೆಂಗಳೂರಿನದು ದಖ್ಖನ್ನಿನ ಹದವಾದ ಹವೆ, ಜೈಸಲ್ಮೇರ್‌ನದು ಮರುಭೂಮಿಯ ಬೇಗೆ. ಲೇಹ್ ಸಮುದ್ರಮಟ್ಟದಿಂದ ಸುಮಾರು 3,250 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳುಗಾಳಿಯಲ್ಲಿ ಜೆಟ್ ಎಂಜಿನ್ ಹೊತ್ತಿಕೊಳ್ಳುವುದೇ ಒಂದು ಪಾಡು. ಹೊತ್ತಿಕೊಂಡರೂ ಮೇಲೇರಲು ಬೇಕಾದ ನೂಕುಬಲ ಕಡಿಮೆ ಸಿಗುತ್ತದೆ, ರನ್‌ವೇ ಚಿಕ್ಕದಾಯಿತೇನೋ ಎನಿಸುತ್ತದೆ, ಹೊತ್ತೊಯ್ಯುವ ಶಸ್ತ್ರಾಸ್ತ್ರಗಳ ಭಾರ ಇಳಿಸಬೇಕಾಗುತ್ತದೆ. ಯೂರೋಪಿನ ಬಯಲಿಗೆಂದು ರೂಪಿಸಿದ ವಿಮಾನದ ಬಣ್ಣದ ಕೈಪಿಡಿಯಲ್ಲಿ ಇದಾವುದೂ ಕಾಣುವುದಿಲ್ಲ. ರಫೇಲ್‌ಗೆ ನಾವು ಮಾಡಿಸಿಕೊಂಡ ಹದಿಮೂರು ಮಾರ್ಪಾಡುಗಳಲ್ಲಿ ಎತ್ತರದ ನೆಲೆಗಳ ಚಳಿಯಲ್ಲಿ ಎಂಜಿನ್ ಚಾಲೂ ಮಾಡುವ ವ್ಯವಸ್ಥೆಯೂ ಸೇರಿತ್ತೆಂದು ಆಗಲೇ ವರದಿಯಾಗಿತ್ತು. ಅದರ ಹಿಂದಿರುವುದು ಈ ಲೇಹ್‌ನ ಪಾಠ.

ಪರೀಕ್ಷೆ ಮುಗಿದು 2011ರ ಏಪ್ರಿಲ್‌ನಲ್ಲಿ ರಫೇಲ್ ಮತ್ತು ಯೂರೋಫೈಟರ್ ಉಳಿದವು. 2012ರ ಜನವರಿ 31ರಂದು ರಫೇಲ್‌ನದೇ ಕಡಿಮೆ ಬೆಲೆ ಎಂಬ ಘೋಷಣೆಯಾಯಿತು. ಆಮೇಲೆ ಮಾತುಕತೆ ಕೆಸರಿನಲ್ಲಿ ಹೂತಿತು. 18 ವಿಮಾನಗಳು ಸಿದ್ಧವಾಗಿ ಬರಬೇಕಿತ್ತು, 108ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಬೇಕಿತ್ತು. ಎಚ್‌ಎಎಲ್ ಕಟ್ಟಿದ ವಿಮಾನದ ಗುಣಮಟ್ಟಕ್ಕೂ ವಿಳಂಬಕ್ಕೂ ಜವಾಬ್ದಾರರು ಯಾರು? ರಫೇಲ್ ತಯಾರಿಸುವ ಡಸ್ಸೋ ಕಂಪನಿಯೇ ಹೊಣೆ ಹೊರಬೇಕೆಂದು ಕೊಳ್ಳುವವರು ಹೇಳಿದರು. ತನ್ನ ಆಡಳಿತದಲ್ಲಿಲ್ಲದ ಕಾರ್ಖಾನೆಗೆ ತಾನೇಕೆ ಜಾಮೀನು ನಿಲ್ಲಬೇಕೆಂದು ಡಸ್ಸೋ ಕೇಳಿತು. ಇಲ್ಲಿ ಒಂದು ವಿಮಾನಕ್ಕೆ ತಗಲುವ ಮಾನವ ಗಂಟೆಗಳ ಲೆಕ್ಕದಲ್ಲೂ ಎರಡೂ ಕಡೆಗೆ ತಾಳೆಯಾಗಲಿಲ್ಲ. ಎಚ್‌ಎಎಲ್ಅನ್ನು ಬೈಯುವವರು, ಡಸ್ಸೋವನ್ನು ಬೈಯುವವರು ಬೇಕಾದಷ್ಟಿದ್ದಾರೆ. ನನಗನಿಸುವ ಪ್ರಕಾರ ತಪ್ಪು ಟೆಂಡರಿನಲ್ಲೇ ಇತ್ತು. ಹೊಣೆ ಯಾರದೆಂದು ಮೊದಲೇ ಬರೆದುಕೊಳ್ಳದೆ ಬೆಲೆ ಮಾತ್ರ ಹೋಲಿಸಿದರೆ ಗೆದ್ದವನೊಡನೆ ಜಗಳ ಆಮೇಲೆ ಶುರುವಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಪ್ರಧಾನಿಯವರು ಪ್ಯಾರಿಸ್‌ನಲ್ಲಿ 36 ವಿಮಾನಗಳನ್ನು ನೇರವಾಗಿ ಕೊಳ್ಳುವುದಾಗಿ ಪ್ರಕಟಿಸಿದರು, 126ರ ಟೆಂಡರ್ ಮೂಲೆ ಸೇರಿತು.

ಈಗ ಪೈಲಟ್‌ನ ಕಡೆಯಿಂದ ಲೆಕ್ಕ ಹಾಕಿ. 2007ರಲ್ಲಿ 24 ವರ್ಷದವನಾಗಿದ್ದ ಪೈಲಟ್‌ಗೆ 2020ರಲ್ಲಿ 37. ಅಷ್ಟರಲ್ಲಿ ಆತ ಸ್ಕ್ವಾಡ್ರನ್, ಅಂದರೆ ವಿಮಾನದಳ, ನಡೆಸುವ ಅಥವಾ ಕಚೇರಿಯ ಮೇಜಿಗೆ ಹೋಗುವ ಸರದಿಗೆ ಬಂದಿರುತ್ತಾನೆ. ಹೊಸ ವಿಮಾನವನ್ನು ಆಳವಾಗಿ ಕಲಿತು, ಹತ್ತು ವರ್ಷ ಹಾರಿಸಿ, ಮುಂದಿನವರಿಗೆ ಕಲಿಸಬಹುದಾಗಿದ್ದ ಅವನ ವಯಸ್ಸು ಹಳೆಯ ಮಿಗ್‌ನಲ್ಲಿ ಕಳೆದುಹೋಯಿತು. ಖರೀದಿಯ ಕಡತಗಳಲ್ಲಿ ಈ ನಷ್ಟಕ್ಕೆ ಒಂದು ಕಾಲಮ್ಮೂ ಇಲ್ಲ.

ಬೆಲೆಯ ವಿಚಾರ ಚುಟುಕಾಗಿ. ಒಪ್ಪಂದದ ಮೊತ್ತ ಸುಮಾರು 787 ಕೋಟಿ ಯೂರೋ. ಅದನ್ನು 36ರಿಂದ ಭಾಗಿಸಿ ‘ಒಂದು ವಿಮಾನದ ಬೆಲೆ’ ಎಂದು ಟಿವಿಯಲ್ಲಿ ಕೂಗಾಡಿದ್ದನ್ನು ನೀವೂ ನೋಡಿರುತ್ತೀರಿ. ಆಗ ವರದಿಯಾದ ವಿಭಜನೆಯಂತೆ ಬರೀ ವಿಮಾನಗಳ ಪಾಲು ಮೊತ್ತದ ಅರ್ಧಕ್ಕಿಂತ ಕಡಿಮೆ. ಉಳಿದದ್ದು ನಮಗಾಗಿ ಮಾಡಿದ ಮಾರ್ಪಾಡು, ಕ್ಷಿಪಣಿಗಳು, ಬಿಡಿಭಾಗ, ನೆಲೆಗಳ ಸಿದ್ಧತೆ ಮತ್ತು ಐದು ವರ್ಷ ಶೇಕಡಾ 75ರಷ್ಟು ವಿಮಾನಗಳು ಸದಾ ಹಾರಲು ಸಿದ್ಧವಿರಬೇಕೆಂಬ ನಿರ್ವಹಣಾ ಕರಾರು. ಈ ಕೊನೆಯದನ್ನು ದುಂದು ಎನ್ನುವವರು ಸುಖೋಯ್-30 ಕುರಿತ ಸಿಎಜಿ (ಸರ್ಕಾರದ ಲೆಕ್ಕಪರಿಶೋಧಕರು) ವರದಿಯನ್ನು ಓದಬೇಕು. ಶೇಕಡಾ 75 ಸಿದ್ಧವಿರಬೇಕಾದ ಕಡೆ 55ರಿಂದ 60 ಮಾತ್ರ ಇತ್ತು. ವಿಮಾನ ಹ್ಯಾಂಗರಿನಲ್ಲಿ ಬಿಡಿಭಾಗಕ್ಕಾಗಿ ಕಾಯುತ್ತಿದ್ದರೆ ಅದರ ಪೈಲಟ್ ಕೂಡ ಕಾಯುತ್ತಿರುತ್ತಾನೆ, ಕಾಯುತ್ತ ಕೈ ಮರೆಯುತ್ತಾನೆ.

ಮಾರುವ ದೇಶದ ರಾಜಕೀಯವೂ ವಿಮಾನದ ಜೊತೆಗೇ ಬರುತ್ತದೆ. 1998ರ ಪೋಖ್ರಾನ್ ಸ್ಫೋಟದ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ, ನಮ್ಮ ಹಗುರ ಯುದ್ಧವಿಮಾನದ ನಿಯಂತ್ರಣ ವ್ಯವಸ್ಥೆಗೆಂದು ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ವಿಜ್ಞಾನಿಗಳನ್ನು ಹಿಂದಕ್ಕೆ ಕಳಿಸಲಾಯಿತು. ಬೆಂಗಳೂರಿನವರು ಅದನ್ನು ತಾವೇ ಮುಗಿಸಿಕೊಂಡರು, ಆದರೆ ವರ್ಷಗಳು ಹೋದವು. ರಾಜಕೀಯ ಜಗಳವಿಲ್ಲದಿದ್ದರೂ ಅಷ್ಟೆ. ಅದೇ ಹಗುರ ಯುದ್ಧವಿಮಾನದ ಹೊಸ ಮಾದರಿ ತೇಜಸ್ ಮಾರ್ಕ್-1ಎಗಾಗಿ 2021ರಲ್ಲಿ ಕೇಳಿದ 99 ಅಮೆರಿಕನ್ ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಒಂದೆರಡು ವಾರ ಸಾಲದೇ? ಪಳಗಿದ ಪೈಲಟ್‌ಗೆ ಹೊಸ ವಿಮಾನವನ್ನು ಮೇಲೇರಿಸಿ, ಊರು ಸುತ್ತಿಸಿ, ಕ್ಷೇಮವಾಗಿ ಇಳಿಸಲು ನಿಜಕ್ಕೂ ಹೆಚ್ಚು ಕಾಲ ಬೇಡ. ವಾಯುಪಡೆ ಅವನನ್ನು ಇಟ್ಟುಕೊಂಡಿರುವುದು ಆ ಕೆಲಸಕ್ಕಲ್ಲ. ಕತ್ತಲೆಯಲ್ಲಿ, ಮೋಡದೊಳಗೆ, ಇಂಧನ ಮುಗಿಯುತ್ತಿರುವಾಗ, ಎದುರಾಳಿಯ ರೇಡಾರ್ ತನ್ನನ್ನು ಹಿಡಿದಿದೆ ಎಂಬ ಎಚ್ಚರಿಕೆ ಕಿವಿಯಲ್ಲಿ ಕಿರುಚುವಾಗ ಅವನ ಕೈ ಯೋಚಿಸದೆ ಸರಿಯಾದ ಗುಂಡಿಗೆ ಹೋಗಬೇಕು. ತೊಂದರೆಯೆಂದರೆ ಅವನ ಕೈಗೆ ಹಳೆಯ ವಿಮಾನ ಚೆನ್ನಾಗಿ ಬರುತ್ತದೆ. ಏನೂ ಬಾರದವನಿಗೆ ಕಲಿಸುವುದಕ್ಕಿಂತ ಬೇರೆಯದನ್ನು ಕಲಿತವನಿಗೆ ಅದನ್ನು ಬಿಡಿಸುವುದು ಕಷ್ಟ.

ಒಂದು ಉಪಕರಣವನ್ನೇ ನೋಡೋಣ. ಮೋಡದಲ್ಲಿ ಹೊರಗೇನೂ ಕಾಣದಾಗ ವಿಮಾನ ಯಾವ ಕಡೆಗೆ ವಾಲಿದೆ ಎಂದು ತೋರಿಸುವ ಕೃತಕ ದಿಗಂತ ಪ್ರತಿ ಕಾಕ್‌ಪಿಟ್‌ನಲ್ಲೂ ಇರುತ್ತದೆ. ಪಾಶ್ಚಾತ್ಯ ವಿಮಾನಗಳಲ್ಲಿ ನಡುವಿನ ವಿಮಾನದ ಚಿಹ್ನೆ ಅಲುಗಾಡುವುದಿಲ್ಲ, ಹಿಂದಿನ ದಿಗಂತದ ಗೆರೆ ಓರೆಯಾಗುತ್ತದೆ, ಕಿಟಕಿಯಿಂದ ಹೊರಗೆ ನೋಡಿದಂತೆ. ಮಿಗ್-21ರಂಥ ಸೋವಿಯತ್ ಪದ್ಧತಿಯ ಉಪಕರಣದಲ್ಲಿ ಓರೆಯಾಗುವುದು ಪುಟ್ಟ ವಿಮಾನದ ಚಿಹ್ನೆ, ದಿಗಂತ ವಾಲುವುದಿಲ್ಲ. ವಿಮಾನ ಬಲಕ್ಕೆ ವಾಲಿದೆ ಎನ್ನಿ. ಒಂದರಲ್ಲಿ ಚಿಹ್ನೆ ಬಲಕ್ಕೆ ವಾಲಿ ಕಾಣುತ್ತದೆ, ಇನ್ನೊಂದರಲ್ಲಿ ಗೆರೆ ಎಡಕ್ಕೆ ವಾಲಿ ಕಾಣುತ್ತದೆ. ಹಗಲಿನಲ್ಲಿ ಇದು ತಮಾಷೆ. ರಾತ್ರಿ ಮೋಡದೊಳಗೆ, ಒಳಕಿವಿ ಸುಳ್ಳು ಹೇಳುತ್ತಿರುವಾಗ ಒಂದು ಕ್ಷಣ ಹಳೆಯ ಅಭ್ಯಾಸ ಮೇಲೆದ್ದರೆ ಪೈಲಟ್ ವಾಲಿಕೆಯನ್ನು ಸರಿಪಡಿಸಲು ಹೋಗಿ ಹೆಚ್ಚಿಸುತ್ತಾನೆ. 2000ದ ಜನವರಿಯಲ್ಲಿ ಜ್ಯೂರಿಕ್‌ನಿಂದ ಮೇಲೆದ್ದ ಸಾಬ್-340 ಪ್ರಯಾಣಿಕ ವಿಮಾನ ಕೆಲವೇ ನಿಮಿಷಗಳಲ್ಲಿ ಸುರುಳಿ ಸುತ್ತಿ ಬಿದ್ದು ಹತ್ತು ಮಂದಿ ಸತ್ತರು. ಕ್ಯಾಪ್ಟನ್ ಸೋವಿಯತ್ ಪದ್ಧತಿಯ ವಿಮಾನಗಳಲ್ಲಿ ಬೆಳೆದವರು. ಆ ತನಿಖೆಯಲ್ಲೂ ಈ ಎರಡು ಪದ್ಧತಿಗಳ ವ್ಯತ್ಯಾಸ ಚರ್ಚೆಗೆ ಬಂತು.

ಇಂಥವು ಇನ್ನೂ ಇವೆ. ಮಿಗ್‌ನಲ್ಲಿ ವೇಗ ಕಿಲೋಮೀಟರ್‌ಗಳಲ್ಲಿ, ಎತ್ತರ ಮೀಟರ್‌ಗಳಲ್ಲಿ. ಮಿರಾಜ್, ಜಾಗ್ವಾರ್‌ಗಳಲ್ಲಿ ನಾಟ್ ಮತ್ತು ಅಡಿ. ಮಿಗ್-21ರಲ್ಲಿ ಚಕ್ರದ ಬ್ರೇಕ್ ವಿಮಾನ ನಡೆಸುವ ಹಿಡಿಗೋಲಿನ ಮೇಲಿನ ಸನ್ನೆಯಲ್ಲಿದೆ, ಪಾಶ್ಚಾತ್ಯ ವಿಮಾನಗಳಲ್ಲಿ ಕಾಲ್ಬೆರಳಿನ ಪೆಡಲಿನಲ್ಲಿ. ಬೀದರ್‌ನಲ್ಲಿ ಹಾಕ್ ತರಬೇತಿ ಜೆಟ್ ಹಾರಿಸಿ ಮಿಗ್-21ಕ್ಕೆ ಹೋದ ಹುಡುಗರು ಕಾಲನ್ನು ಮರೆತು ಬೆರಳಿಗೆ ಕಲಿಸಬೇಕಿತ್ತು. ರಫೇಲ್‌ಗೆ ಬಂದವರಿಗೆ ಹಿಡಿಗೋಲು ಎರಡು ಕಾಲುಗಳ ನಡುವೆ ಸಿಗುವುದೇ ಇಲ್ಲ. ಅದು ಬಲಗೈಯ ಪಕ್ಕದಲ್ಲಿದೆ, ಅಲುಗಾಡುವುದೂ ಬಹಳ ಕಡಿಮೆ. ಸೀಟು 29 ಡಿಗ್ರಿ ಹಿಂದಕ್ಕೆ ವಾಲಿದೆ. ಕಾರಣ ಗುರುತ್ವದ ಹೊರೆ: ಒಂಬತ್ತು ಪಟ್ಟು ಗುರುತ್ವದ ತಿರುವಿನಲ್ಲಿ 70 ಕಿಲೋ ತೂಕದ ಪೈಲಟ್ 630 ಕಿಲೋ ಆಗುತ್ತಾನೆ, ರಕ್ತ ಮಿದುಳಿನಿಂದ ಕಾಲಿಗೆ ಇಳಿಯುತ್ತದೆ. ಬಿಗಿ ಉಡುಪು ಕಾಲು ಹೊಟ್ಟೆಗಳನ್ನು ಒತ್ತಿ ಹಿಡಿದರೂ ಸ್ನಾಯು ಬಿಗಿಹಿಡಿದು ಉಸಿರಾಡುವ ತಂತ್ರ ಅವನೇ ಕಲಿಯಬೇಕು. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ಗಿರಗಿಟ್ಟಲೆ ಯಂತ್ರದಲ್ಲಿ ಪೈಲಟ್‌ಗಳನ್ನು ಕೂರಿಸಿ ತಿರುಗಿಸುವುದು ಇದಕ್ಕೇ. ಬೇರೆ ಯಾವ ಗುಣವಿದ್ದರೂ ಆ ಯಂತ್ರದ ತೋಳಿನ ತುದಿಯಲ್ಲಿ ಕಣ್ಣು ಕತ್ತಲಿಟ್ಟವನನ್ನು ಈ ವಿಮಾನಕ್ಕೆ ಕಳಿಸುವಂತಿಲ್ಲ.

ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಹಳೆಯ ವಿಮಾನದಲ್ಲಿ ಪೈಲಟ್‌ನ ಅರ್ಧ ಬುದ್ಧಿ ವಿಮಾನವನ್ನು ಅದರಿಂದಲೇ ಕಾಪಾಡುವುದಕ್ಕೆ ಖರ್ಚಾಗುತ್ತಿತ್ತು: ಇಷ್ಟು ಎಳೆದರೆ ರೆಕ್ಕೆ ಸೋಲುತ್ತದೆ, ಇಷ್ಟಕ್ಕಿಂತ ನಿಧಾನವಾದರೆ ಬೀಳುತ್ತದೆ. ರಫೇಲ್‌ನಲ್ಲಿ ಆ ಕಾವಲು ಕೆಲಸ ಕಂಪ್ಯೂಟರಿನದು. ಪೈಲಟ್ ಹಿಡಿಗೋಲನ್ನು ಪೂರ್ತಿ ಎಳೆದರೂ ಅದು ಮಿತಿ ದಾಟಗೊಡುವುದಿಲ್ಲ. ಬಿಡುವಾದ ಬುದ್ಧಿಗೆ ಈಗ ಬೇರೆ ಕೆಲಸ. ರೇಡಾರ್, ಶಾಖ ಹುಡುಕುವ ಸಾಧನ, ಎಚ್ಚರಿಕೆ ವ್ಯವಸ್ಥೆ, ಜೊತೆಯ ವಿಮಾನ, ಎಲ್ಲ ಕಡೆಯಿಂದ ಮಾಹಿತಿ ಪರದೆಗೆ ಸುರಿಯುತ್ತದೆ. ಯಾವುದನ್ನು ನಂಬಬೇಕು, ಯಾವುದನ್ನು ಬದಿಗಿಡಬೇಕು, ರೇಡಾರನ್ನು ಯಾವಾಗ ಬಂದ್ ಮಾಡಬೇಕು ಎಂಬ ತೀರ್ಮಾನವೇ ಹಾರಾಟ. ಅದಕ್ಕೇ ಎರಡು ಸಾವಿರ ಗಂಟೆ ಹಾರಿದ ಹಿರಿಯನಿಗಿಂತ ಐನೂರು ಗಂಟೆಯ ಕಿರಿಯರು ಬೇಗ ಒಗ್ಗಿಕೊಳ್ಳುವುದುಂಟು. ರಫೇಲ್ ಹಾರಿಸಿದ ನಮ್ಮ ಮೊದಲ ಮಹಿಳಾ ಪೈಲಟ್ ಶಿವಾಂಗಿ ಸಿಂಗ್ ಬಂದದ್ದು ಮಿಗ್-21 ಬೈಸನ್‌ನಿಂದ. ಅಷ್ಟು ದೂರದ ಜಿಗಿತ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

ವಿಧಾನ ಹೀಗಿರುತ್ತದೆ. ಮೊದಲು ತರಗತಿ: ಇಂಧನ, ವಿದ್ಯುತ್, ಹೈಡ್ರಾಲಿಕ್ಸ್, ತುರ್ತು ಕ್ರಮಗಳು ಬಾಯಿಪಾಠ. ಆಮೇಲೆ ಸಿಮ್ಯುಲೇಟರ್. ನಿಜವಾದ ವಿಮಾನದಲ್ಲಿ ಮಾಡಲಾಗದ ಎಂಜಿನ್ ಬೆಂಕಿಯನ್ನು ಅಲ್ಲಿ ಸಂಜೆಯವರೆಗೆ ಮಾಡಿಸಬಹುದು. ಬಳಿಕ ಎರಡು ಸೀಟಿನ ವಿಮಾನದಲ್ಲಿ ಬೋಧಕನ ಜೊತೆ, ನಂತರ ಒಂಟಿಯಾಗಿ. ‘ಪೈಲಟ್ ತಯಾರಾದ’ ಎಂದು ಪತ್ರಿಕೆಯಲ್ಲಿ ಬರುವುದು ಇಲ್ಲಿಗೆ. ಸ್ಕ್ವಾಡ್ರನ್‌ನ ಲೆಕ್ಕ ಇಲ್ಲಿಂದ ಶುರು. ಉಪಕರಣಗಳನ್ನಷ್ಟೇ ನಂಬಿ ಹಾರುವುದು, ರಾತ್ರಿ ಹಾರಾಟ, ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವುದು, ಇಬ್ಬರ ಕಾದಾಟ, ನಾಲ್ವರ ಕಾದಾಟ, ನೆಲದ ಗುರಿ, ಪ್ರತಿ ಶಸ್ತ್ರಕ್ಕೂ ಬೇರೆ ಪಾಠ. ಹಗಲಿನ ಯುದ್ಧಕ್ಕೆ ಅರ್ಹ, ರಾತ್ರಿಯ ಯುದ್ಧಕ್ಕೆ ಅರ್ಹ, ಇನ್ನೊಬ್ಬರನ್ನು ಮುನ್ನಡೆಸಲು ಅರ್ಹ ಎಂಬ ಮೆಟ್ಟಿಲುಗಳನ್ನು ಏರಲು ತಿಂಗಳುಗಳಲ್ಲ, ವರ್ಷಗಳೇ ಬೇಕು. ರಫೇಲ್‌ನ ಇನ್ನೊಂದು ನೆಲೆಯಾದ ಪಶ್ಚಿಮ ಬಂಗಾಳದ ಹಾಶಿಮಾರಾದ ಮಳೆಗಾಲ ಹಾರಾಟದ ದಿನಗಳನ್ನು ಎಷ್ಟು ನುಂಗುತ್ತದೆ ಎಂಬುದು ಬೇರೆ ಮಾತು.

ಇಲ್ಲಿ ಒಂದು ಗಂಟು ಇದೆ. ಕಲಿಸುವವರು ಯಾರು? ಮೊದಲ ತಂಡವನ್ನು ಮಾರುವ ದೇಶವೇ ತಯಾರು ಮಾಡುತ್ತದೆ. 1960ರ ದಶಕದ ಆರಂಭದಲ್ಲಿ ಮಿಗ್-21ಕ್ಕಾಗಿ ಸೋವಿಯತ್ ಒಕ್ಕೂಟಕ್ಕೆ ಹೋದ ಪುಟ್ಟ ತಂಡದ ಮುಖ್ಯಸ್ಥರು ದಿಲ್‌ಬಾಗ್ ಸಿಂಗ್, ಮುಂದೆ ವಾಯುಪಡೆಯ ಮುಖ್ಯಸ್ಥರಾದವರು. ಆ ತಂಡಕ್ಕೆ ಪಾಠಕ್ಕಿಂತ ಮೊದಲು ರಷ್ಯನ್ ಅಕ್ಷರ ಎದುರಾಯಿತು. ಮಿರಾಜ್‌ಗೆ, ರಫೇಲ್‌ಗೆ ಫ್ರಾನ್ಸ್. ಕಳಿಸುವುದು ಯಾರನ್ನು? ಹಿಂತಿರುಗಿ ಕಲಿಸಬೇಕಾದವರಾದ್ದರಿಂದ ಬೋಧಕ ಅರ್ಹತೆ ಇರುವ, ಶಸ್ತ್ರ ಬಲ್ಲ, ಪರೀಕ್ಷಾ ಹಾರಾಟ ಬಲ್ಲ ಅತ್ಯುತ್ತಮರನ್ನು. ಬೇರೆ ಸ್ಕ್ವಾಡ್ರನ್‌ಗಳ ಕೆನೆ ತೆಗೆದು ಹೊಸದಕ್ಕೆ ಹಾಕಿದಂತೆ. ಆ ಹಳೆಯ ಸ್ಕ್ವಾಡ್ರನ್‌ನ ಕಮಾಂಡರ್ ಬೀಳ್ಕೊಡುಗೆ ಸಮಾರಂಭದಲ್ಲಿ ನಗುತ್ತಾನೆ, ಮರುದಿನ ಹಾರಾಟದ ಪಟ್ಟಿ ಬರೆಯಲು ಕುಳಿತಾಗ ತಲೆ ಹಿಡಿದುಕೊಳ್ಳುತ್ತಾನೆ. ತಂತ್ರಜ್ಞರದೂ ಇದೇ ಕಥೆ. ಎಂಜಿನ್ ಇಳಿಸಿ ಏರಿಸುವವರು, ಸಿಡಿದು ಹೊರಹಾಕುವ ಸೀಟಿನ ಮದ್ದು ನೋಡಿಕೊಳ್ಳುವವರು, ರೇಡಾರ್‌ನವರು, ಎಲ್ಲರೂ ಹೋಗಿ ಕಲಿತು ಬರಬೇಕು. ಪೈಲಟ್‌ಗಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಇವರದು ಬರುವುದಿಲ್ಲ.

ಎರಡು ಸೀಟಿನ ವಿಮಾನಗಳ ಸಂಖ್ಯೆ ಹೀಗಾಗಿ ಮುಖ್ಯವಾಗುತ್ತದೆ. 36 ರಫೇಲ್‌ಗಳಲ್ಲಿ ಎಂಟು ಎರಡು ಸೀಟಿನವು. ನೌಕಾಪಡೆಯ ಸ್ಥಿತಿ ಇನ್ನೂ ಬಿಗಿ. 2025ರ ಏಪ್ರಿಲ್ 28ರಂದು ಸಹಿಯಾದ 26ರಲ್ಲಿ 22 ಒಂದು ಸೀಟಿನ ನೌಕಾ ಮಾದರಿ, ನಾಲ್ಕು ಎರಡು ಸೀಟಿನವು. ಆ ನಾಲ್ಕೂ ನೆಲದಿಂದ ಮಾತ್ರ ಹಾರುವ ಮಾದರಿ, ಹಡಗಿನ ಮೇಲೆ ಇಳಿಯಲಾರವು. ಎಂದರೆ ವಿಕ್ರಾಂತ್‌ನ ಡೆಕ್ಕಿನ ಮೇಲೆ ಇಳಿಯುವಾಗ ರಫೇಲ್‌ನ ಕೊಕ್ಕೆಯನ್ನು ವಿಮಾನ ನಿಲ್ಲಿಸುವ ತಂತಿಗೆ ಸಿಕ್ಕಿಸುವ ಮೊದಲ ಪ್ರಯತ್ನವನ್ನು ಪ್ರತಿ ಪೈಲಟ್ ಒಬ್ಬನೇ ಮಾಡಬೇಕು, ಹಿಂದಿನ ಸೀಟಿನಲ್ಲಿ ಬೋಧಕನಿರುವುದಿಲ್ಲ. ಫ್ರೆಂಚ್ ನೌಕಾ ಪೈಲಟ್‌ಗಳಿಗೂ ಹೀಗೇ. ಅವರು ಹಡಗಿನ ಪಾಠವನ್ನು ಅಮೆರಿಕದ ಟಿ-45 ತರಬೇತಿ ವಿಮಾನದಲ್ಲಿ ಮೊದಲೇ ಕಲಿತು ಬಂದಿರುತ್ತಾರೆ. ನಮಗೆ ಗೋವಾದ ನೌಕಾ ವಾಯುನೆಲೆ ಐಎನ್‌ಎಸ್ ಹಂಸದಲ್ಲಿ ನೆಲದ ಮೇಲೆಯೇ ಕಟ್ಟಿದ ಡೆಕ್ ಮಾದರಿಯಿದೆ. 2022ರ ಜನವರಿಯಲ್ಲಿ ಡೆಕ್ಕಿನ ಏರು ತುದಿಯಿಂದ ಜಿಗಿದು ಮೇಲೇರುವುದನ್ನು ರಫೇಲ್ ತೋರಿಸಿದ್ದೂ ಅಲ್ಲೇ. ಅದು ದೊಡ್ಡ ಆಸರೆ, ಆದರೆ ನೆಲ ಅಲೆಯ ಮೇಲೆ ಹೊಯ್ದಾಡುವುದಿಲ್ಲ.

ಖರೀದಿಯ ವಿಳಂಬಕ್ಕೆ ಪೈಲಟ್‌ಗಳು ತೆತ್ತ ಬೆಲೆಯ ಅತ್ಯಂತ ಕಹಿ ಉದಾಹರಣೆ ಯುದ್ಧವಿಮಾನದ್ದಲ್ಲ, ತರಬೇತಿ ವಿಮಾನದ್ದು. ಅಪಘಾತಗಳ ಬಗ್ಗೆ ನೇಮಿಸಿದ ಲಾಫೊಂಟೇನ್ ಸಮಿತಿ 1982ರಲ್ಲೇ ಹೇಳಿತ್ತು: ಕಿರಣ್‌ನಂಥ ನಿಧಾನದ ಜೆಟ್‌ನಿಂದ ಹುಡುಗರನ್ನು ನೇರವಾಗಿ ಮಿಗ್-21ಕ್ಕೆ ದಾಟಿಸಬೇಡಿ, ನಡುವೆ ಒಂದು ಮುಂದುವರಿದ ತರಬೇತಿ ಜೆಟ್ ಬೇಕು. ಬ್ರಿಟನ್ನಿನ ಹಾಕ್‌ಗೆ ಸಹಿ ಬಿದ್ದದ್ದು 2004ರಲ್ಲಿ, ಬೀದರ್‌ನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಒಪ್ಪಂದ ಆದೊಡನೆ ನಮ್ಮ ಹುಡುಗರನ್ನು ತಂಡ ತಂಡವಾಗಿ ವೇಲ್ಸ್‌ನ ಬ್ರಿಟಿಷ್ ವಾಯುನೆಲೆಗೆ ಕಳಿಸಿ ಹಾಕ್‌ನಲ್ಲಿ ಕಲಿಸಿದ್ದು ಒಳ್ಳೆಯ ನಿರ್ಧಾರ. ಆದರೆ ನಡುವಿನ ಇಪ್ಪತ್ತೆರಡು ವರ್ಷ ಕಿರಣ್‌ನಿಂದ ಇಳಿದ ಅನೇಕ ಹೊಸಬರು ಮಿಗ್-21ರಲ್ಲೇ ಕಲಿತರು. ಗಂಟೆಗೆ ಮುನ್ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ನೆಲಕ್ಕಿಳಿಯುವ ವಿಮಾನದಲ್ಲಿ. ‘ಹಾರುವ ಶವಪೆಟ್ಟಿಗೆ’ ಎಂಬ ಹೆಸರನ್ನು ಆ ವಿಮಾನಕ್ಕೆ ಕಟ್ಟಿದವರು ಈ ಕಡತದ ಬಗ್ಗೆ ಬರೆದದ್ದು ಕಡಿಮೆ.

ಇದಕ್ಕೆ ವಿರುದ್ಧವಾಗಿ ಜಾಗ್ವಾರ್ ನೋಡಿ. 1978ರಲ್ಲಿ ನಿರ್ಧಾರವಾಯಿತು. ನಮ್ಮ ವಿಮಾನಗಳು ತಯಾರಾಗುವವರೆಗೆ ಕಾಯದೆ ಬ್ರಿಟಿಷ್ ವಾಯುಪಡೆ ತನ್ನವೇ 18 ಜಾಗ್ವಾರ್‌ಗಳನ್ನು ಸಾಲವಾಗಿ ಕೊಟ್ಟಿತು. 1979ರಲ್ಲೇ ಅಂಬಾಲಾದ ಪೈಲಟ್‌ಗಳು ಅವನ್ನು ಹಾರಿಸುತ್ತಿದ್ದರು. ಬಳಿಕ ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿತು. ಮೂಲ ದಿಕ್ಸೂಚಿ ವ್ಯವಸ್ಥೆ ಸಾಲದೆಂದು ಕಂಡಾಗ ವಾಯುಪಡೆ, ಡಿಆರ್‌ಡಿಒ, ಎಚ್‌ಎಎಲ್ ಸೇರಿ ‘ಡೇರಿನ್’ ಎಂಬ ಹೊಸದನ್ನು ಕೂರಿಸಿದವು. ಕೊಂಡ ವಿಮಾನವನ್ನು ತನ್ನದಾಗಿಸಿಕೊಳ್ಳುವುದು ಹಾಗೆ.

114ರ ಮಾತಿಗೆ ಬರೋಣ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತವಾದ ಮೇಲೆ 42 ಸ್ಕ್ವಾಡ್ರನ್ ಇರಬೇಕಾದ ಕಡೆ 29 ಉಳಿದಿವೆ. ಈ 29ರಲ್ಲಿ ಆರು ಬಗೆಯ ವಿಮಾನಗಳು: ಸುಖೋಯ್, ಮಿಗ್-29, ಮಿರಾಜ್, ಜಾಗ್ವಾರ್, ರಫೇಲ್, ತೇಜಸ್. ಆರಕ್ಕೂ ಬೇರೆ ಬೇರೆ ಸಿಮ್ಯುಲೇಟರ್, ಬೋಧಕರು, ಬಿಡಿಭಾಗದ ಉಗ್ರಾಣ. ಏಳನೆಯದನ್ನು ತಂದರೆ ಕೆನೆ ತೆಗೆಯುವ ಕೆಲಸ ಮೊದಲಿನಿಂದ. ಅದೇ ರಫೇಲ್ ಆದರೆ ಕಥೆ ಬೇರೆ. ಅಂಬಾಲಾ ಮತ್ತು ಹಾಶಿಮಾರಾಗಳನ್ನು ಇನ್ನಷ್ಟು ವಿಮಾನಗಳಿಗೆ ಜಾಗವಿರುವಂತೆಯೇ ಸಜ್ಜುಗೊಳಿಸಿದ್ದಾರೆ. ಕಲಿತ ಬೋಧಕರು, ತಂತ್ರಜ್ಞರು ಇಲ್ಲೇ ಇದ್ದಾರೆ. ನನ್ನ ಒಲವು ಸ್ಪಷ್ಟವಾಗಿ ಆ ಕಡೆಗಿದೆ, ಇನ್ನೊಂದು ವಿಮಾನ ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ. ಆದರೆ ಅಲ್ಲೂ ಒಂದು ಮಿತಿಯಿದೆ. ಎರಡು ಸ್ಕ್ವಾಡ್ರನ್‌ಗಳು ಆರು ಹೊಸ ಸ್ಕ್ವಾಡ್ರನ್‌ಗಳಿಗೆ ಬೋಧಕರನ್ನು ಒಂದೇ ಸಲ ಹೆತ್ತುಕೊಡಲಾರವು, ಅವುಗಳಿಗೆ ಗಡಿ ಕಾಯುವ ಕೆಲಸವೂ ಇದೆ. ಪೈಲಟ್‌ಗಳ ಒಟ್ಟು ಕೊರತೆಯ ಬಗ್ಗೆ ಸಂಸತ್ತಿನ ಸ್ಥಾಯಿ ಸಮಿತಿ ದಶಕದ ಹಿಂದೆಯೇ ಎಚ್ಚರಿಸಿತ್ತು. ಒಂದು ಕಾಕ್‌ಪಿಟ್‌ಗೆ 1.25 ಪೈಲಟ್ ಮಂಜೂರಾಗಿದ್ದರೆ ಆಗ ಇದ್ದದ್ದು 0.81.

ಹಾಗಾಗಿ ಮುಂದಿನ ಒಪ್ಪಂದದ ಸುದ್ದಿ ಬಂದಾಗ ಬೆಲೆಯ ಸಾಲನ್ನು ದಾಟಿ ಕೆಳಗೆ ಓದಿ. ಎರಡು ಸೀಟಿನವು ಎಷ್ಟು, ಸಿಮ್ಯುಲೇಟರ್ ಎಷ್ಟು, ಅವು ವಿಮಾನಕ್ಕಿಂತ ಮೊದಲು ಬರುತ್ತವೆಯೋ ಆಮೇಲೆಯೋ, ಮೊದಲ ತಂಡದಲ್ಲಿ ಎಷ್ಟು ಪೈಲಟ್‌ಗಳು ಮತ್ತು ಎಷ್ಟು ತಂತ್ರಜ್ಞರು ಹೊರದೇಶಕ್ಕೆ ಹೋಗುತ್ತಾರೆ, ಇಲ್ಲಿ ಕಟ್ಟಿದ ವಿಮಾನಕ್ಕೆ ಜಾಮೀನು ಯಾರದು. ಈ ಐದಕ್ಕೆ ಉತ್ತರಗಳು ಸಿಕ್ಕರೆ, ಮೊದಲ ಸ್ಕ್ವಾಡ್ರನ್ ಯಾವ ವರ್ಷ ನಿಜವಾಗಿ ಕಾದಾಟಕ್ಕೆ ಸಿದ್ಧವಾಗುತ್ತದೆ ಎಂದು ನೀವು ಶಿವಮೊಗ್ಗದಲ್ಲೇ ಕುಳಿತು ಹೇಳಬಹುದು.